ದ್ಯಾಮವ್ವನ ಪಾಲಿನ ಹಂದಿ

ಇದು ನಡೆದದ್ದು ಏಕೀಕರಣಕ್ಕೆ ಮುಂಚೆಯೋ ಆಮೇಲೋ, ಖಚಿತವಾಗಿ ಹೇಳಲಾರೆ. ಲಕ್ಷ್ಮೇಶ್ವರದ ದನದ ದವಾಖಾನೆಯ ಬೋರ್ಡಿನ ಮೇಲೆ ಮುಂಬೈ ಸರಕಾರದ ಹೆಸರಿತ್ತು ಎಂದು ನೆನಪು. ಅದನ್ನು ಅಳಿಸಿ ಮೈಸೂರು ಎಂದು ಬರೆಯುತ್ತಿದ್ದ ಪೇಂಟರನ ಬೆನ್ನೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು.

ಮುಂಬೈಯಲ್ಲಿ ಪಶುವೈದ್ಯಕೀಯ ಓದಿ ಆ ದವಾಖಾನೆಗೆ ಬಂದ ಹೊಸತು. ಊರಾಚೆ ಹಂದಿ ಸಾಕುವವರ ಕೇರಿಗೆ ಜ್ವರ ಬಿತ್ತು. ಕೇರಿಯ ಹಂದಿಗಳೆಲ್ಲ ಸತ್ತವು. ಒಬ್ಬ ವಿಧವೆಯ ಕರಿ ಹೆಣ್ಣುಹಂದಿ ಮಾತ್ರ ಮೂರು ದಿನ ಮಲಗಿದ್ದು ಎದ್ದು ನಿಂತಿತು. ಬೇನೆಯಲ್ಲಿ ಉಳಿದದ್ದು ದ್ಯಾಮವ್ವನ ಪಾಲು, ಅದನ್ನು ಗುಡಿ ಮುಂದೆ ಕಡಿಯಬೇಕು ಎಂಬುದು ಅಲ್ಲಿಯ ಪದ್ಧತಿ. ನನಗೆ ಸಿಟ್ಟು ಬಂತು. ರೋಗ ಗೆದ್ದ ತಳಿಯನ್ನೇ ಪ್ರತಿ ಸಲ ಕೈಯಾರೆ ಕೊಲ್ಲುತ್ತಾರಲ್ಲ ಎಂದು. ಇದರ ರಕ್ತದಲ್ಲೇ ಆ ಶಕ್ತಿಯಿದೆ, ಮರಿಗಳಿಗೂ ಬರುತ್ತದೆ, ಉಳಿಸಿಕೋ ಎಂದು ಆಕೆಗೆ ಹೇಳಿದೆ.

“ಮರಿಗೂ ಬರತೈತಿ ಅನ್ನೂದು ನಿಮಗ ಖರೇನ ಗೊತ್ತೈತೇನ್ರಿ, ಸಾಹೇಬ್ರ?”

“ಗೊತ್ತೈತಿ,” ಎಂದೆ.

“ಹಂಗಾರ ದ್ಯಾಮವ್ವ ಕೇಳಿದ್ರ ನಿಮ್ಮ ಹೆಸರು ಹೇಳತೇನ್ರಿ.”

ಸುತ್ತ ನಿಂತಿದ್ದ ಹೆಂಗಸರು ನಕ್ಕರು. ಆಕೆ ನಗಲಿಲ್ಲ.

ಹಂದಿ ಎಂಟು ಮರಿ ಹಾಕಿತು. ಅವು ಇನ್ನೂ ಹಾಲು ಕುಡಿಯುತ್ತಿದ್ದಾಗಲೇ ಜ್ವರ ಮರಳಿತು. ಕೇರಿಯವರು ಮುಂಡರಗಿ ಸಂತೆಯಿಂದ ತಂದಿದ್ದ ಹೊಸ ಹಂದಿಗಳು ಸತ್ತವು, ಈ ಎಂಟೂ ಉಳಿದವು. ನಾನು ಮನೆಮನೆಗೆ ಹೋಗಿ, ತಳಿ ಬೇಕಾದರೆ ಆಕೆಯ ಹತ್ತಿರದಿಂದ ಮರಿ ಒಯ್ಯಿರಿ ಎಂದೆ. ಹಾಲು ಬಿಟ್ಟ ಮೇಲೆ ಮೂರು ಮನೆಯವರು ಒಯ್ದರು. ನನ್ನ ಮಾತು ನಂಬಿ ಬೇರೆ ಹಂದಿ ತರಲಿಲ್ಲ. ಮುಂದಿನ ಜ್ವರಕ್ಕೆ ಎಂಟೂ ಸತ್ತವು. ತಾಯಿಗೆ ಏನೂ ಆಗಲಿಲ್ಲ.

ದೇವಿಯ ಪಾಲು ಕೊಡದೆ ಇಟ್ಟುಕೊಂಡವಳು ಎಂದು ಕೇರಿ ಆಕೆಯನ್ನು ಹೊರಗಿಟ್ಟಿತು. ಬಾವಿಯ ಹತ್ತಿರ ಕೊಡ ಇಡಲೂ ಬಿಡಲಿಲ್ಲ. ಹಂದಿಯನ್ನು ಕಡೆಗೂ ಎಳೆದೊಯ್ದು ಕಡಿದರು. ಆಕೆ ಗಂಟು ಕಟ್ಟಿಕೊಂಡು ಶಿರಹಟ್ಟಿ ಕಡೆ ತಂಗಿಯ ಮನೆಗೆ ಹೊರಟಳು. ನಾನು ಕೇರಿಯವರ ಮುಂದೆ ನಿಂತು, ತಪ್ಪು ನನ್ನದು ಎನ್ನಲಿಲ್ಲ. ಹೋಗುವ ದಿನ ದಾರಿಯಲ್ಲಿ ಸಿಕ್ಕಳು, ನನ್ನನ್ನು ಬೈಯಲಿಲ್ಲ ಎಂದು ನೆನಪು. ಈ ನೆನಪು ನನಗೆ ಅನುಕೂಲವಾದದ್ದು, ಆದ್ದರಿಂದ ನಂಬುವುದಿಲ್ಲ.

ಆಗ ವಿಜ್ಞಾನಕ್ಕೇ ಅಷ್ಟು ತಿಳಿದಿರಲಿಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅಂಥ ಶಕ್ತಿ ವಂಶದಲ್ಲಿ ಇಳಿಯುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ, ಅದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಆದರೆ ಆ ಎಂಟು ಮರಿಗಳದು ಸಣ್ಣ ಪ್ರಶ್ನೆ. ನಿವೃತ್ತನಾದ ಮೇಲೆ ಬೆಟಗೇರಿಯ ಮನೆಯಲ್ಲಿ ಕಾಲೇಜಿನ ಪುಸ್ತಕ ಹುಡುಕಿ ತೆಗೆದೆ. ರೋಗದಿಂದ ಉಳಿದ ತಾಯಿಯ ಗಿಣ್ಣದ ಹಾಲು ಮರಿಗಳನ್ನು ಕೆಲವು ವಾರ ಮಾತ್ರ ಕಾಯುತ್ತದೆ, ಅದನ್ನು ಹುಟ್ಟುಗುಣ ಎಂದು ತಿಳಿಯಬಾರದು ಎಂದು ಅದರಲ್ಲಿತ್ತು. ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಅಂಚಿನಲ್ಲಿ, ನನ್ನದೇ ಅಕ್ಷರದಲ್ಲಿ: ಪರೀಕ್ಷೆಗೆ ಮುಖ್ಯ.