ಪೈಪಿಗೆ ಕಿವಿಗೊಡುವ ಜಾಹಿದಾ

ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳಿಗೂ ಇನ್ನೂ ಎಚ್ಚರವಾಗಿಲ್ಲ. ಪಕ್ಕದ ಬೀದಿಯ ಬಾಡಿಗೆ ಕಟ್ಟಡವೊಂದರಲ್ಲಿ ಹೆಂಗಸೊಬ್ಬರು ನೀರಿನ ಪೈಪಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ನಮಸ್ಕಾರ ಎನ್ನಲು ಹೋದ ನನ್ನನ್ನು ಬೆರಳೆತ್ತಿ ಸುಮ್ಮನಾಗಿಸುತ್ತಾರೆ. ಆಮೇಲೆ ಮೆಲ್ಲಗೆ, "ಹರಿಪ್ರಿಯಾ ಮೇಡಂ ಮನೆ ಫ್ಲಶ್ಶು. ವಾಷರ್ ಹೋಗಿದೆ ಸಾರ್," ಎನ್ನುತ್ತಾರೆ.

ಅದು ಹೇಗೆ ಗೊತ್ತಾಯಿತು ಎಂದರೆ ನಗುತ್ತಾರೆ. "ಜನ ಮಲಗಿದಾಗ ಪೈಪೂ ಮಲಗಿರ್ಬೇಕು. ಮಾತಾಡ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ."

ಇವರು ಜಾಹಿದಾ. ಹನ್ನೊಂದು ಮನೆಗಳ ಈ ಕಟ್ಟಡದ ನೀರು, ಕರೆಂಟು, ರಿಪೇರಿ ಎಲ್ಲವೂ ಇವರ ಸುಪರ್ದಿಯಲ್ಲಿ. ಮೆಟ್ಟಿಲು ತೊಳೆಯಲು ಬಂದವರು ಈಗ ಪ್ಲಂಬರ್‌ಗೂ ಸಿಂಹಸ್ವಪ್ನ. "ಒಂದ್ ವಾಷರ್ ಹಾಕಿ ಇಡೀ ಬಾತ್‌ರೂಮಿನ ಬಿಲ್ ಕೊಡ್ತಾನೆ. ಅದ್ಕೇ ನಾನೇ ಹಾಕೋದು ಕಲ್ತ್ಕೊಂಡೆ." ಗಂಡ ವಾಜಿದ್ ಆಟೊ ಓಡಿಸುತ್ತಾರೆ. ಸಂಪಿನ ಪಕ್ಕದ ಕೋಣೆಯಲ್ಲೇ ಇಬ್ಬರ ಸಂಸಾರ.

ಕಟ್ಟಡದ ಒಡತಿ ಅಲಮೇಲು ನಿವೃತ್ತ ಶಿಕ್ಷಕಿ, ವಾಸ ಮೊದಲ ಮಹಡಿಯಲ್ಲಿ. ಅವರ ಬದುಕು ನಡೆಯುವುದು ಬಾಡಿಗೆಯಿಂದಲೇ. ಕಳೆದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಬಂದ ಬಾಡಿಗೆಯೆಲ್ಲ ಟ್ಯಾಂಕರ್‌ಗೇ ಹೋಗತೊಡಗಿತು. ಎಷ್ಟು ತರಿಸಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬಿಲ್ಡರ್ ಒಬ್ಬ ಬಂದು ಕಟ್ಟಡ ಕೊಟ್ಟುಬಿಡಿ ಎಂದ. ಕೊಟ್ಟಿದ್ದರೆ ಬಾಡಿಗೆದಾರರೂ ಜಾಹಿದಾ ದಂಪತಿಯೂ ಗಂಟುಮೂಟೆ ಕಟ್ಟಬೇಕಿತ್ತು.

ಆಗ ರಂಜಾನ್ ತಿಂಗಳು. ಉಪವಾಸಕ್ಕೆ ಮುಂಚಿನ ಸೆಹ್ರಿ ಊಟಕ್ಕೆಂದು ಎದ್ದು ಚಹಾಕ್ಕಿಟ್ಟ ಜಾಹಿದಾಗೆ, ಊರೆಲ್ಲ ಮಲಗಿದ್ದ ಆ ಹೊತ್ತಿನಲ್ಲಿ ಗೋಡೆಯೊಳಗೆ ನೀರು ಹರಿಯುವ ಸದ್ದು ಕೇಳಿಸಿತು. ಬೆಳಗಾದ ಮೇಲೆ ಮನೆಮನೆಗೂ ಹೋಗಿ ನೋಡಿದರೆ ನಾಲ್ಕು ಫ್ಲಶ್ ಟ್ಯಾಂಕುಗಳು ರಾತ್ರಿಯಿಡೀ ಸೋರುತ್ತಿದ್ದವು! ಎಲ್ಲವನ್ನೂ ರಿಪೇರಿ ಮಾಡಿಸಿದರು. ನೀರು ಬಿಡಲು ಹೊತ್ತು ಗೊತ್ತುಮಾಡಿ, ವಾಲ್ವಿಗೆ ಬೀಗ ಹಾಕಿದರು.

ಹುಮ್ಮಸ್ಸಿನಲ್ಲಿ ಒಂದು ಎಡವಟ್ಟೂ ಆಯಿತು. ಆ ವರ್ಷ ಯುಗಾದಿ, ಅದರ ಮರುದಿನವೇ ರಂಜಾನ್ ಹಬ್ಬ. ಯುಗಾದಿಯ ಬೆಳಗ್ಗೆ ಎಂದಿನಂತೆ ಎಂಟಕ್ಕೆ ನೀರು ನಿಲ್ಲಿಸಿದ ಜಾಹಿದಾ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಶ್ಯಾವಿಗೆ ತರಲು ಯಲಹಂಕ ಪೇಟೆಗೆ ಹೊರಟರು. ಇತ್ತ ಇಡೀ ಕಟ್ಟಡ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದೆ! ಮೂರನೇ ಮಹಡಿಯ ರಘುನಾಥ್ ಟವೆಲ್ ಸುತ್ತಿಕೊಂಡು, ಎಣ್ಣೆ ತೊಟ್ಟಿಕ್ಕಿಸುತ್ತ ಬೀದಿಗೇ ಬಂದು "ಜಾಹಿದಕ್ಕಾ!" ಎಂದು ಕೂಗಿದರಂತೆ.

"ಫೋನ್ ಬಂದಿದ್ದೇ ಶ್ಯಾವಿಗೆ ಅಲ್ಲೇ ಬಿಟ್ಟು ಓಡ್ಬಂದೆ. ಹಬ್ಬದ ದಿನ ಎಲ್ರತ್ರ ಬೈಸ್ಕೊಂಡೆ ಸಾರ್. ತಪ್ಪು ನಂದೇ. ನೀರು ಉಳ್ಸೋದು ಯಾತಕ್ಕೆ? ಬೇಕಾದಾಗ ಇರ್ಲಿ ಅಂತ ತಾನೇ?" ಹೇಳುವಾಗ ಈಗಲೂ ಅವರ ಮುಖ ಸಣ್ಣಗಾಗುತ್ತದೆ. ಮಧ್ಯಾಹ್ನ ಅದೇ ರಘುನಾಥ್ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರಂತೆ. ಉಪವಾಸವೆಂದು ಜಾಹಿದಾ ಅದನ್ನು ಸಂಜೆಗೆ ಎತ್ತಿಟ್ಟರಂತೆ.

ಟ್ಯಾಂಕರ್ ಖರ್ಚು ಅರ್ಧಕ್ಕಿಳಿಯಿತು. "ಬಿಲ್ಡರ್‌ಗೆ ಕಾಫಿ ಕೊಟ್ಟು ಕಳಿಸ್ದೆ ಕಣ್ರೀ," ಎನ್ನುತ್ತಾರೆ ಅಲಮೇಲು. "ಈ ವರ್ಷ ಬಾಡಿಗೇನೂ ಏರಿಸ್ಲಿಲ್ಲ. ಮನೆ ಕಟ್ಸಿದ್ದು ನಾನು, ಉಳ್ಸಿದ್ದು ಇವಳು." ನನಗಂತೂ ಈ ಇಬ್ಬರನ್ನು ನೋಡಿ ಹೆಮ್ಮೆಯೆನಿಸಿತು.

ಈ ಯುಗಾದಿಯ ಹಿಂದಿನ ದಿನವೇ ಜಾಹಿದಾ ಟ್ಯಾಂಕು ತುಂಬಿಸಿಟ್ಟು, ಬೀಗದ ಕೈಯನ್ನು ಅಲಮೇಲು ಅವರ ಕೈಗೆ ಕೊಟ್ಟಿದ್ದರು. ಬೆಳಗ್ಗೆ ಎಲ್ಲ ಮನೆಗಳ ನಲ್ಲಿಗಳೂ ಒಟ್ಟಿಗೇ ತಿರುಗಿದಾಗ ಪೈಪಿನ ಬಳಿ ಸುಮ್ಮನೆ ನಿಂತು ಕೇಳಿಸಿಕೊಂಡರಂತೆ.

ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಸ್ಪ್ಯಾನರ್ ಎತ್ತಿಕೊಂಡು ಹರಿಪ್ರಿಯಾ ಅವರ ಮನೆಯತ್ತ ಮೆಟ್ಟಿಲು ಹತ್ತುತ್ತಿದ್ದವರು ತಿರುಗಿ ನೋಡುತ್ತಾರೆ.

"ಈ ಸಲ ಯುಗಾದಿಲಿ ಇಡೀ ದಿನ ಯಾರೂ ನನ್ ಹೆಸ್ರು ಕೂಗ್ಲಿಲ್ಲ ಸಾರ್. ಹಂಗೇ ಇರ್ಲಿ, ಅಷ್ಟೇ."