ಆಂಡಾಳಮ್ಮನ ಎರಡು ದಿನದ ರಜೆ

ಮಲ್ಲೇಶ್ವರದ ವರದರಾಜ ಅಯ್ಯಂಗಾರ್ ಹೊರಗಡೆ ಒಂದು ಲೋಟ ನೀರನ್ನೂ ಮುಟ್ಟುವವರಲ್ಲ ಎಂಬುದು ಅವರ ಕ್ರಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಾಗುವ ಹಾಗೆ ಮಾಡಿದವರೂ ಅವರೇ. ಮದುವೆ ಮನೆಗೆ ಹೋದರೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಎದ್ದು ಕೈಮುಗಿದು, "ನನ್ನದು ಮನೇಲೇ. ಆಂಡಾಳ್ ಮಾಡಿದ್ದು ಬಿಟ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ" ಎಂದು ನಾಲ್ಕು ಜನಕ್ಕೆ ಕೇಳಿಸುವಂತೆ ಹೇಳಿ ಹೊರಡುತ್ತಿದ್ದರು. ಕೇಳಿದವರು ಎಂಥ ನಿಷ್ಠೆ ಎಂದು ತಲೆದೂಗುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಗಂಡನ ಹಿಂದೆ ಓಡಿ ಬಂದು ಒಲೆ ಹಚ್ಚುತ್ತಿದ್ದ ಹೆಂಡತಿಯ ಬಗ್ಗೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಆಂಡಾಳ್ ಇಪ್ಪತ್ತು ತುಂಬಿದಾಗ ಈ ಮನೆಗೆ ಬಂದವಳು. ಆಗ ಅವಳಿಗೆ ತಿಂಗಳಿಗೆ ಮೂರು ದಿನ ರಜೆಯಿತ್ತು. ಮುಟ್ಟಾದರೆ ಹಿತ್ತಿಲ ಕೋಣೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಓದಲು ಹಳೆಯ ವಾರಪತ್ರಿಕೆ, ಅಡುಗೆ ಅತ್ತೆಯದು. ಹಾಗೆ ಹೊರಗೆ ಕೂರಿಸುವುದು ಅವಮಾನ ಎಂದು ಈಗಿನವರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಆಂಡಾಳ್ ಆ ಮೂರು ದಿನಕ್ಕಾಗಿ ಕಾಯುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಅದಕ್ಕೂ ಕಲ್ಲು ಬಿತ್ತು. ಕಾಲ ಬದಲಾಗಿದೆ, ತಲೆಗೆ ಸ್ನಾನ ಮಾಡಿ ಒಲೆ ಹಚ್ಚಿದರೆ ದೋಷವಿಲ್ಲ ಎಂದು ವರದರಾಜರು ಯಾವ ಶಾಸ್ತ್ರವನ್ನೂ ಯಾವ ಆಚಾರ್ಯರನ್ನೂ ಕೇಳದೆ ತೀರ್ಪು ಕೊಟ್ಟುಬಿಟ್ಟರು. ಮಡಿಯ ಕಾನೂನು ಅವರ ಹೊಟ್ಟೆಗೆ ಅಡ್ಡ ಬಂದಾಗ ಎಷ್ಟು ಸಲೀಸಾಗಿ ಬಾಗುತ್ತಿತ್ತು!

ಪ್ರವಾಸಕ್ಕೇನೂ ಕಡಿಮೆಯಿರಲಿಲ್ಲ. ಮೇಲುಕೋಟೆ, ಕಂಚಿ, ಶ್ರೀರಂಗ ಎಲ್ಲ ಆಗಿತ್ತು. ಎಲ್ಲ ಕಡೆಗೂ ಪಂಪ್ ಸ್ಟೌ, ಅಕ್ಕಿ, ಪುಡಿ ಡಬ್ಬಗಳು ಜೊತೆಗೆ ಹೋಗುತ್ತಿದ್ದವು. ಗಂಡ ದೇವರನ್ನು ನೋಡಿ ಬರುವ ಹೊತ್ತಿಗೆ ಆಂಡಾಳ್ ಛತ್ರದ ಮೂಲೆಯಲ್ಲಿ ಕೂತು ಅನ್ನ ಇಳಿಸಿರಬೇಕಾಗಿತ್ತು. ಶ್ರೀರಂಗದಲ್ಲಿ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಅವಳಿಗೆ ನೆನಪಾಗುತ್ತಿದ್ದುದು ಹೊಗೆ ಹಿಡಿದ ಒಂದು ಗೋಡೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಸೊಸೆ ದೀಪ್ತಿ ಒಂದು ಬಣ್ಣದ ಕಾಗದ ತಂದಳು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಜಲಸಂಭ್ರಮ ಎಂಬ ಹೊಸ ಥೀಮ್ ಪಾರ್ಕು. ಅದಕ್ಕೆ ಅಂಟಿಕೊಂಡ ರೆಸಾರ್ಟು. ಕಾಟೇಜು ತೆಗೆದುಕೊಂಡರೆ ತಿಂಡಿ, ಊಟ, ಆಟ ಎಲ್ಲ ಸೇರಿ ಒಂದೇ ಹಣ. ಮೊಮ್ಮಗಳು ಆರಾಧನಾ ಆಗಲೇ ಕುಣಿಯುತ್ತಿದ್ದಳು. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಆಂಡಾಳ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಾನೂ ಬರ್ತೀನಿ. ಆದ್ರೆ ಅಲ್ಲಿ ನಾನು ಅಡುಗೆ ಮಾಡಲ್ಲ. ಎರಡು ದಿನ ಒಲೆ ಮುಟ್ಟಲ್ಲ. ಈಗ್ಲೇ ಹೇಳ್ತಿದೀನಿ."

ಆ ಮನೆಯಲ್ಲಿ ಅವಳು ಅದುವರೆಗೆ ಏನನ್ನೂ ಹೀಗೆ ಕೇಳಿರಲಿಲ್ಲ. ಮಗ ಶ್ರೀಹರಿ ನಕ್ಕು ಆಯ್ತಮ್ಮ ಎಂದ. ವರದರಾಜರೂ ಧಾರಾಳವಾಗಿ, "ನಾನು ಹಾಲು ಹಣ್ಣಲ್ಲಿ ಇದ್ಬಿಡ್ತೀನಿ, ನೀನು ಆರಾಮಾಗಿರು" ಎಂದರು. ಅಷ್ಟು ಮಾತಿಗೇ ಆಂಡಾಳ್‌ಗೆ ಕಣ್ಣು ತುಂಬಿತು. ಒಂದು ವಾರ ಅವಳು ಪಾತ್ರೆ ತೊಳೆಯುವಾಗ ಗುನುಗುತ್ತಿದ್ದಳು.

ಬುಕಿಂಗ್ ಮಾಡಿಸಲು ಗಾಂಧಿನಗರದ ಏಜೆಂಟನ ಬಳಿಗೆ ವರದರಾಜರು ತಾವೇ ಹೋದರು. ನಿವೃತ್ತರು, ಮಾಡಲು ಬೇರೇನೂ ಕೆಲಸವಿರಲಿಲ್ಲ. ಸಂಜೆ ಗೆದ್ದವರಂತೆ ಬಂದು ಕೂತರು.

"ಕಾಟೇಜ್ ಬಿಟ್ಟೆ. ಟೆಂಟ್ ತಗೊಂಡೆ. ಅರ್ಧಕ್ಕರ್ಧ ಕಮ್ಮಿ. ಇನ್ನೊಂದು ಅನುಕೂಲ ಕೇಳು, ಅಲ್ಲಿ ಸ್ವಂತ ಅಡುಗೆ ಮಾಡ್ಕೋಬಹುದಂತೆ! ಯಾರಿಗೂ ಹೊರಗಡೆ ತಿನ್ನೋ ಗ್ರಹಚಾರ ಇಲ್ಲ."

ಆಂಡಾಳ್ ಮಗನ ಮುಖ ನೋಡಿದಳು. "ಅಪ್ಪ ದುಡ್ಡು ಕಟ್ಟಿಬಿಟ್ಟಿದಾರಲ್ಲಮ್ಮ, ಏನ್ ಮಾಡೋದು" ಎಂದು ಅವನು ಟಿವಿಯ ಕಡೆ ತಿರುಗಿದ. ಅಪ್ಪನ ಕಾನೂನಿನಿಂದ ಮಗನಿಗೂ ಹೊತ್ತು ಹೊತ್ತಿಗೆ ಬಿಸಿ ಊಟ ಸಿಗುತ್ತಿತ್ತಲ್ಲ, ಅವನೇಕೆ ಮಾತಾಡಿಯಾನು?

ಟೆಂಟು ಎಂದರೆ ಹೊಳೆಯ ದಡ, ಮರದ ನೆರಳು ಎಂದುಕೊಂಡವರು ಅದನ್ನು ನೋಡಬೇಕಿತ್ತು. ಕಾರು ನಿಲ್ಲಿಸುವ ಬಯಲಿನ ಹಿಂದೆ, ಒಂದು ಗಿಡವೂ ಇಲ್ಲದ ಕೆಂಪು ಮಣ್ಣಿನ ಮೇಲೆ, ಸಾಲಾಗಿ ನೀಲಿ ಪ್ಲಾಸ್ಟಿಕ್ ಗುಡಾರಗಳು. ಮಧ್ಯಾಹ್ನ ಒಳಗೆ ಕೂತರೆ ಇಡ್ಲಿ ಬೇಯಬೇಕು. ಒಂದು ಬಲ್ಬು, ಒಂದು ಪ್ಲಗ್ಗು, ಎಲ್ಲರಿಗೂ ಸೇರಿ ಒಂದು ಸ್ನಾನದ ಶೆಡ್ಡು. ಅರ್ಧ ಬೆಲೆಗೆ ಸಿಕ್ಕಿದ್ದು ಬರೀ ಗುಡಾರ; ಉಳಿದರ್ಧವನ್ನು ರೆಸಾರ್ಟಿನವರು ಚಿಲ್ಲರೆಯಲ್ಲಿ ಕಿತ್ತುಕೊಂಡರು. ಹಾಸಿಗೆಗೆ ಬಾಡಿಗೆ, ದಿಂಬಿಗೆ ಬಾಡಿಗೆ, ಬಿಸಿನೀರಿಗೆ ಬಕೆಟ್ ಲೆಕ್ಕ, ಗ್ಯಾಸ್ ಒಲೆಗೆ ಗಂಟೆ ಲೆಕ್ಕ, ಕೊಳಕ್ಕೆ ಇಳಿಯುವ ಬಟ್ಟೆಗೆ ಬೇರೆ, ಬಿಚ್ಚಿದ ಬಟ್ಟೆ ಇಡುವ ಪೆಟ್ಟಿಗೆಗೆ ಬೇರೆ. ಒಂದು ಅನುಕೂಲವಿತ್ತು ಎಂದು ಒಪ್ಪಬೇಕು: ಟೆಂಟಿನವರನ್ನು ಬೆಳಿಗ್ಗೆ ಗೇಟು ತೆರೆಯುವ ಮುಂಚೆಯೇ ಒಳಗೆ ಬಿಡುತ್ತಿದ್ದರು, ಕ್ಯೂ ಇಲ್ಲದೆ ಆಡಬಹುದಿತ್ತು. ಆಂಡಾಳ್ ಪಾಲಿಗೆ ಅದರ ಅರ್ಥ ಇಷ್ಟೇ, ತಿಂಡಿ ಇನ್ನೂ ಬೇಗ ಆಗಬೇಕು.

ಬಂದ ತಕ್ಷಣ ವರದರಾಜರು ಶೆಡ್ಡಿನ ನಲ್ಲಿ ತಿರುಗಿಸಿ ಮೂಸಿ ನೋಡಿದರು. "ಆ ಕೊಳದ ನೀರೂ ಇದೂ ಒಂದೇ ಟ್ಯಾಂಕಿನದು. ಜನ ಹೊರಳಾಡಿದ ನೀರು. ಮಡಿ ಸ್ನಾನಕ್ಕೆ ಆಗಲ್ಲ" ಎಂದು ಸಾರಿದರು. ಬಾಡಿಗೆ ಹಾಸಿಗೆಯನ್ನು ಕಾಲಿನಿಂದ ದೂರ ತಳ್ಳಿ, "ಇದನ್ನ ಮುಟ್ಟಿದವರು ಒಲೆ ಮುಟ್ಟಬಾರದು" ಎಂದರು. ಮನೆಯಿಂದ ಕ್ಯಾನಿನಲ್ಲಿ ತಂದಿದ್ದ ನೀರಿನಲ್ಲಿ ತಾವು ಸ್ನಾನ ಮುಗಿಸಿದರು. ಆಂಡಾಳ್‌ಗೆ ಅಡುಗೆಗೆ ಸಾಲುವಷ್ಟು ಉಳಿಸಿದರು.

ಆ ದಿನವೆಲ್ಲ ಅವಳು ಗುಡಾರದ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಯಿಸಿದಳು. ಗಾಳಿಗೆ ಉರಿ ಅತ್ತ ಇತ್ತ ಓಡುತ್ತಿತ್ತು, ಅನ್ನಕ್ಕೆ ಧೂಳು ಬೀಳುತ್ತಿತ್ತು, ಗಂಟೆಗೊಮ್ಮೆ ಒಲೆ ಬಾಡಿಗೆಯವನು ಬಂದು ನಿಲ್ಲುತ್ತಿದ್ದ. ಕಾಂಪೌಂಡಿನಾಚೆ ಮೊಮ್ಮಗಳು ಕಿರುಚುತ್ತಾ ಜಾರುವುದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಪಕ್ಕದ ಗುಡಾರದಲ್ಲಿ ಚಾಮರಾಜಪೇಟೆಯಿಂದ ಬಂದಿದ್ದ ಮುನಿಲಕ್ಷ್ಮಮ್ಮ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

"ದುಡ್ಡು ಕೊಟ್ಟು ಬಂದು ಇಲ್ಲೂ ಬೇಯಿಸ್ತಿದೀರಲ್ಲಮ್ಮ" ಎಂದಳು ಆಕೆ. "ನಮ್ಮೆಜಮಾನ್ರೂ ಕ್ಯಾಂಟೀನ್ ಊಟಕ್ಕೆ ಬೈಕೊಂಡೇ ತಿಂತಾರೆ. ಬೈಕೊಳ್ಲಿ. ನಾನಂತೂ ಏಳಲ್ಲ."

ಆಂಡಾಳ್ ಏನೋ ಹೇಳಿ ನಕ್ಕಳು. ಆದರೆ ಹೊಟ್ಟೆಯೊಳಗೆ ಉರಿಯಿತು. ಅವಳು ಹೆಂಗಸಲ್ಲವೇ, ನಾನು ಹೆಂಗಸಲ್ಲವೇ? ಸಂಜೆ ಪಾತ್ರೆ ಉಜ್ಜುವಾಗಲೂ ಆ ಉರಿ ಆರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಎದ್ದು ಕೂತಳು. ತಾನು ಮಲಗಿದ್ದ ಮನೆಯ ಚಾಪೆಯನ್ನು ಸುತ್ತಿಟ್ಟಳು. ಮೂಲೆಯಲ್ಲಿದ್ದ ಬಾಡಿಗೆ ಹಾಸಿಗೆಯನ್ನು ಎಳೆದು, ಒಗೆದ ಸೀರೆಯ ಗಂಟನ್ನು ತಲೆದಿಂಬು ಮಾಡಿಕೊಂಡು, ಅದರ ಮೇಲೆ ಉದ್ದಕ್ಕೆ ಮಲಗಿದಳು. ವರದರಾಜರು ಸಂಧ್ಯಾವಂದನೆ ಮುಗಿಸಿ ಕಾಫಿಗೆಂದು ಒಳಗೆ ಬಗ್ಗಿದರು.

"ಇದೇನೇ ಇದು!"

"ಮೈಲಿಗೆಯಾಗ್ಬಿಟ್ಟೆ" ಎಂದಳು ಆಂಡಾಳ್, ಮಲಗಿದಲ್ಲಿಂದಲೇ.

"ಎದ್ದು ಸ್ನಾನ ಮಾಡು, ಮತ್ತೆ!"

"ಯಾವ ನೀರಲ್ಲಿ? ಶೆಡ್ಡಿನ ನೀರು ಆಗಲ್ಲ ಅಂತ ನೀವೇ ಹೇಳಿದ್ರಿ. ಕ್ಯಾನಿನ ನೀರು ನೀವು ಸುರ್ಕೊಂಡ್ರಿ. ಮಡಿ ಸೀರೆ ನನ್ನ ತಲೆ ಕೆಳಗಿದೆ. ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಳ್ಳೋವರೆಗೂ ನಾನು ಒಲೆ ಮುಟ್ಟೋ ಹಾಗಿಲ್ಲ. ಕಾನೂನು ನಿಮ್ಮದೇ."

ವರದರಾಜರು ಕೂಗಾಡಿದರು. ಪಕ್ಕದ ಗುಡಾರದಲ್ಲಿ ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು. ಕೊನೆಗೆ, "ಸರಿ. ಉಪವಾಸ ಇರ್ತೀನಿ. ನಿನಗೆ ಪುಣ್ಯ ಬರ್ಲಿ" ಎಂದು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಆ ಬೆಳಿಗ್ಗೆ, ಐವತ್ತೈದು ದಾಟಿದ್ದ ಆಂಡಾಳ್ ಜೀವನದಲ್ಲೇ ಮೊದಲ ಸಲ ಕ್ಯಾಂಟೀನಿನಲ್ಲಿ ಕೂತಳು. ದೀಪ್ತಿ ಇಡ್ಲಿ ವಡೆ ಹೇಳಿದಾಗ ಸಪ್ಲೈಯರು, "ವಡೆ ಡಿಪ್ಪಾ, ಬೇರೇನಾ?" ಎಂದು ಕೇಳಿದ. ಆಂಡಾಳ್ ಪೆಚ್ಚಾಗಿ ಸೊಸೆಯ ಮುಖ ನೋಡಿದಳು. "ಸಾಂಬಾರಲ್ಲಿ ಮುಳುಗಿಸಿ ಕೊಡೋದು ಅತ್ತೆ. ಹೋಟೆಲ್‌ಗೆ ಹೋಗೋರಿಗೆ ಗೊತ್ತಿರುತ್ತೆ" ಎಂದು ದೀಪ್ತಿ ನಕ್ಕಳು. ವಡೆ ಎಣ್ಣೆ ಕುಡಿದಿತ್ತು, ಸಾಂಬಾರು ನೀರಾಗಿತ್ತು. ಆಂಡಾಳ್‌ಗೆ ಅಷ್ಟು ರುಚಿ ಹಿಂದೆಂದೂ ಕಂಡಿರಲಿಲ್ಲ. ಬೇರೆಯವರು ಮಾಡಿ ತಂದಿಟ್ಟಿದ್ದರಲ್ಲ! ಆಮೇಲೆ ಮೊಮ್ಮಗಳ ಕೈ ಹಿಡಿದು ದೋಣಿಯಲ್ಲಿ ಕೂತಳು, ಮಂಡಿಯವರೆಗೆ ನೀರಿಗೂ ಇಳಿದಳು.

ಬಿಸಿಲು ನೆತ್ತಿಗೇರಿದಾಗ ಮನಸ್ಸು ಕೊರೆಯತೊಡಗಿತು. ವಯಸ್ಸಾದ ಗಂಡಸು, ನಿನ್ನೆ ಸಂಜೆಯ ಮೇಲೆ ಏನೂ ತಿಂದಿಲ್ಲ. ಹಟಕ್ಕೆ ಬಿದ್ದು ಎಲ್ಲಿ ಕೂತಿದ್ದಾರೋ, ತಲೆ ಸುತ್ತಿ ಬಿದ್ದರೆ? ನನಗೇಕೆ ಇಂಥ ಬುದ್ಧಿ ಬಂತು ಎಂದು ತನ್ನನ್ನೇ ಬೈದುಕೊಂಡು, ಅಂಗಡಿಯಲ್ಲಿ ಹಾಲಿನ ಪೊಟ್ಟಣ, ಹಣ್ಣು ಕೊಂಡು, ಒಬ್ಬಳೇ ಹುಡುಕಿಕೊಂಡು ಹೊರಟಳು. ಗೇಟಿನ ಬಳಿ ಇರಲಿಲ್ಲ, ಮರದ ಕಟ್ಟೆಯ ಮೇಲೂ ಇರಲಿಲ್ಲ. ಪಾರ್ಕಿನ ಆ ತುದಿಯಲ್ಲಿ, ಟೆಂಟಿನವರು ಯಾರೂ ಹೋಗದ ಕಡೆ, ಇನ್ನೊಂದು ಹೋಟೆಲ್ ಇತ್ತು. ಅದರೊಳಗಿನಿಂದ ಪರಿಚಿತ ದನಿ ಕೇಳಿಸಿತು.

"ಇನ್ನೊಂದು ವಡೆ ತಾ, ಅರ್ಧ ಡಿಪ್ಪು ಮಾಡು, ಮೇಲ್ಗಡೆ ಗರಿಗರಿ ಇರ್ಬೇಕು. ಖಾರಾಬಾತ್‌ಗೆ ಚಟ್ನಿ ಸುರೀಬೇಡ, ಪಕ್ಕಕ್ಕಿಡು. ಈರುಳ್ಳಿ ಸಾಂಬಾರಲ್ವಾ? ಎರಡು ಸೌಟು ಜಾಸ್ತಿ ಹಾಕು. ಕಾಫಿ ಆಮೇಲೆ, ಡಿಕಾಕ್ಷನ್ ಮುಂದಾಗಿರ್ಲಿ, ಬೈಟೂ ಅಲ್ಲ, ಫುಲ್ಲು."

ಆಂಡಾಳ್ ಕಂಬದ ಪಕ್ಕದಲ್ಲಿ ನಿಂತುಬಿಟ್ಟಳು. ತಿನ್ನುತ್ತಿದ್ದಾರೆ ಎಂದು ಅವಳಿಗೆ ಕೋಪ ಬರಲಿಲ್ಲ. ಹಸಿದವರು ತಿನ್ನಲಿ ಎಂದೇ ಅಲ್ಲವೇ ಬಂದಿದ್ದು? ಅವಳನ್ನು ತಡೆದು ನಿಲ್ಲಿಸಿದ್ದು ಆ ಮಾತು. ಹೊರಗೆ ಲೋಟ ನೀರು ಮುಟ್ಟದವನಿಗೆ ಅರ್ಧ ಡಿಪ್ಪು ಹೇಗೆ ಗೊತ್ತು? ಇದು ಇವತ್ತು ಕಲಿತ ಮಾತಲ್ಲ. ವರ್ಷಗಟ್ಟಲೆ ಒಂದೇ ಟೇಬಲ್ಲಿನಲ್ಲಿ ಕೂತು ತಿಂದವನ ಗತ್ತು ಅದರಲ್ಲಿತ್ತು.

ಅವಳು ಹೋಗಿ ಎದುರಿನ ಕುರ್ಚಿಯಲ್ಲಿ ಕೂತಳು. ವರದರಾಜರ ಕೈ ತಟ್ಟೆಯಲ್ಲೇ ನಿಂತಿತು. ಮೀಸೆಗೆ ಚಟ್ನಿ ಹತ್ತಿತ್ತು.

"ಎಷ್ಟು ವರ್ಷದಿಂದ?"

"ಏನು ಎಷ್ಟು ವರ್ಷ... ಆಫೀಸಲ್ಲಿದ್ದಾಗ ಸಂಜೆ ಹೊತ್ತು ಒಂಚೂರು ಹಸಿವಾಗ್ತಿತ್ತು. ಗಾಂಧಿನಗರದಲ್ಲಿ ಒಂದು ಶುದ್ಧವಾದ ಜಾಗ ಇತ್ತು. ಅದೇನು ದೊಡ್ಡ ವಿಷಯವೇ? ಮನೆ ಊಟಕ್ಕೆ ಅದು ಸಮ ಆಗುತ್ತೇನೇ?"

"ನಮ್ಮಮ್ಮ ಆಸ್ಪತ್ರೇಲಿದ್ದಾಗ?"

ವರದರಾಜರು ಸುತ್ತ ನೋಡಿದರು. "ಮೆಲ್ಲಗೆ ಮಾತಾಡು. ಜನ ನೋಡ್ತಾರೆ."

ತೊಂಬತ್ತಮೂರರಲ್ಲಿ ಆಂಡಾಳ್‌ನ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಆಂಡಾಳ್ ಹೋಗಿ ಮೂರು ದಿನವಾಗಿತ್ತು. ತವರಿನ ಪಕ್ಕದ ಮನೆಯವರ ಫೋನಿಗೆ ವರದರಾಜರು ಕರೆ ಮಾಡಿ, "ಬರೀ ಬಾಳೆಹಣ್ಣಲ್ಲಿದ್ದೀನಿ, ಏಳೋಕೂ ಆಗ್ತಿಲ್ಲ" ಎಂದಿದ್ದರು. ಅಮ್ಮ ಕೈ ಬಿಟ್ಟಿರಲಿಲ್ಲ. ಆಂಡಾಳ್ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಸ್ಸು ಹತ್ತಿ ಬಂದು ಗಂಡನಿಗೆ ಸಾರು ಅನ್ನ ಮಾಡಿ ಬಡಿಸಿದ್ದಳು. ಅವರು ಅವತ್ತು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು. ಮರುದಿನ ಬೆಳಿಗ್ಗೆ ಅಮ್ಮ ಹೋದ ಸುದ್ದಿ ಬಂತು.

"ಆ ಮೂರು ದಿನವೂ ಹೋಟೆಲಲ್ಲೇ ತಿಂದ್ರಾ? ಹೇಳಿ."

"ಹನ್ನೊಂದು ವರ್ಷದ ಮಾತು ಈಗ್ಯಾಕೆ..." ಎಂದು ವರದರಾಜರು ಮೀಸೆಯ ಚಟ್ನಿ ಒರೆಸಿಕೊಂಡರು. ಸಪ್ಲೈಯರು ವಡೆ ತಂದಿಟ್ಟು ಹೋದ. ಆಂಡಾಳ್ ಎದ್ದು ಹೊರಟಳು.

ಅವಳು ಆಮೇಲೆ ಅಡುಗೆಯನ್ನೇ ಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಎಂದಿನಂತೆ ಒಲೆ ಹಚ್ಚಿದಳು. ಮಗನಿಗೆ, ಸೊಸೆಗೆ, ಮಗುವಿಗೆ ಬಡಿಸಿದಳು, ತನಗೂ ಹಾಕಿಕೊಂಡಳು. ಗಂಡನಿಗೆ ಎಲೆ ಹಾಕಲಿಲ್ಲ. ಎರಡು ದಿನದ ಸಿಟ್ಟು ಎಂದುಕೊಂಡ ವರದರಾಜರು ಕಾದರು. ವಾರವಾಯಿತು, ತಿಂಗಳಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಕೊಡೆ ಹಿಡಿದು ಸಂಪಿಗೆ ರಸ್ತೆಯ ಹೋಟೆಲಿಗೆ ಹೋಗಿ, ಕ್ರಾಸಿನ ಜನರೆಲ್ಲ ನೋಡುವಂತೆ ತಿರುಗಿ ಬರುವುದು ಅವರ ಪಾಲಿಗೆ ಬಂತು. ನಿಷ್ಠೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ನಡುಮನೆಯಲ್ಲಿ ಕಂಬಳಿ ಹೊದ್ದು ಕೂತು, ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುವುದನ್ನು ಕೇಳುತ್ತಿದ್ದರು. ದೀಪ್ತಿಗೆ ತಡೆಯಲಾಗಲಿಲ್ಲ.

"ಅತ್ತೆ, ಒಂದು ಸೌಟು ಸಾರು ಕೊಟ್ಬಿಡ್ಲಾ? ಪಾಪ, ವಯಸ್ಸಾಗಿದೆ ಅವರಿಗೆ."

"ನಮ್ಮಮ್ಮಂಗೂ ವಯಸ್ಸಾಗಿತ್ತು" ಎಂದಳು ಆಂಡಾಳ್, ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು.