ಹಿಂದಿನ ಹ್ಯಾಂಡಲ್ಲಿನ ಬ್ರೇಕು

ಕಾಲುವೆಗೆ ನೀರು ಬರುವ ಹೊತ್ತಿಗೆ ನನ್ನ ಗಂಡನ ಎರಡೂ ಕಣ್ಣು ಪೂರ್ತಿ ಆರಿಹೋಗಿದ್ದವು. ಸಿಂಧನೂರಿನ ಸುತ್ತ ಅದೇ ಕಾಲುವೆಯ ಸರ್ವೆ ಮಾಡಿದವರು ಅವರು. ಕೆಲಸ ಹೋಯಿತು, ಮನುಷ್ಯ ಹೊರಸು ಹಿಡಿದು ಮಲಗಿಬಿಟ್ಟರು. ಕೈ ಹಿಡಿದು ಹೊರಗೆ ಕರೆದೊಯ್ಯುತ್ತೇನೆಂದರೆ, "ನಾ ಏನ್ ಸಣ್ಣ ಕೂಸೇನು?" ಎಂದು ಗೋಡೆಯ ಕಡೆ ಹೊರಳುತ್ತಿದ್ದರು.

ಹಟ್ಟಿಯ ಗಣಿಯಿಂದ ವರ್ಗವಾಗಿ ಹೊರಟ ಸಾಹೇಬರೊಬ್ಬರು ಟ್ಯಾಂಡೆಮ್ ಮಾರುತ್ತಿದ್ದಾರೆಂದು ಕೇಳಿ ತರಿಸಿದೆ. ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಸೈಕಲ್ಲು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಎಂಬ್ರಾಯ್ಡರಿ ಮರೆತಿದ್ದೆ, ಸೈಕಲ್ಲಿನ ಬ್ಯಾಲೆನ್ಸ್ ಮರೆತಿರಲಿಲ್ಲ. ಆದರೆ ಹೆಂಡತಿ ಮುಂದೆ, ಗಂಡ ಹಿಂದೆ! ಅತ್ತೆ ಸೈಕಲ್ಲಿಗೆ ಒಂದು ಸುತ್ತು ಬಂದು ನೋಡಿದರು.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಲಗಾಮು ಮಾತ್ರ ನನ್ನ ಮಗನ ಕೈಯಾಗ ಇರ್ಲಿ."

ಲಗಾಮೆಂದರೆ ಬ್ರೇಕು. ಎರಡೂ ಮುಂದಿನ ಹ್ಯಾಂಡಲ್ಲಿಗಿದ್ದವು. ಒಂದನ್ನು ಹಿಂದಕ್ಕೆ ಕೊಡಬೇಕು, ಯಾವುದನ್ನು? ಮುಂದಿನ ಗಾಲಿಯ ಬ್ರೇಕು ಒಮ್ಮೆಲೇ ಕಚ್ಚುತ್ತದೆ. ಕಾಣದವರು ಜೋರಾಗಿ ಒತ್ತಿದರೆ ಗಾಲಿ ಜಾರಿ ಇಬ್ಬರೂ ನೆಲಕ್ಕೆ. ಹಿಂದಿನ ಗಾಲಿಯದು ಮೆತ್ತಗೆ ಹಿಡಿಯುತ್ತದೆ. ಅದನ್ನೇ ಅವರ ಕೈಗೆ ಕಟ್ಟಿಸಿದೆ. ಕಾಲುವೆ ದಂಡೆಯಿಂದ ಇಳಿಯುವಾಗ ಇಬ್ಬರ ಭಾರಕ್ಕೆ ಎರಡೂ ಬೇಕು. ನಾನು "ಹಾಂ" ಎಂದಾಗ ಒತ್ತಬೇಕು ಎಂದು ಮಾತಾಯಿತು.

ಮೊದಲ ದಿನ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಿಡಲಿಲ್ಲ. "ಅಕ್ಕಾರ, ಸಾಹೇಬ್ರನ್ನ ಹೇರ್ಕೊಂಡು ಎತ್ತಾಗ ಹೊಂಟೀರಿ?"

"ಹೇರಿಲ್ಲಬೇ ಯವ್ವಾ, ನಾನೂ ತುಳಿಯಾಕತ್ತೀನಿ!" ಎಂದು ನನ್ನ ಹಿಂದಿನಿಂದ ಇವರು ಕೂಗಿದರು. ಎಷ್ಟೋ ದಿನಗಳ ನಂತರ ಅವರ ಆ ದನಿ ಕೇಳಿದ್ದೆ.

ಎರೆಮಣ್ಣು ಬ್ರೇಕಿನ ಶತ್ರು. ರಿಮ್ಮಿಗೂ ಬ್ರೇಕಿನ ರಬ್ಬರಿಗೂ ನಡುವೆ ಅಂಟಿ ಒಣಗಿದರೆ ಕಲ್ಲು. ಸಂಜೆ ಸೋಪಿನ ನೀರಿನಲ್ಲಿ ರಿಮ್ಮು ತೊಳೆದು ಒರೆಸುತ್ತಿದ್ದೆ. ಚೈನಿಗೆ ಬಿಟ್ಟ ಎಣ್ಣೆ ಅದಕ್ಕೆ ತಾಗದಂತೆ ಬಟ್ಟೆ ಅಡ್ಡ ಹಿಡಿಯುತ್ತಿದ್ದೆ. ಇಷ್ಟೆಲ್ಲಾ ಕೇರ್ ಮಾಡಿದರೂ ಹಿಂದಿನ ರಬ್ಬರು ಬೇಗ ಸವೆಯುತ್ತಿತ್ತು. ಮಸ್ಕಿ ದಾಟಿ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಹೊಸದು ತಂದೆ. ಅದೂ ಸವೆಯಿತು. ರಿಮ್ಮು ಸೊಟ್ಟಗಾಗಿದೆಯೇನೋ ಎಂದು ಗಾಲಿ ಎತ್ತಿ ತಿರುಗಿಸಿದೆ. ನೆಟ್ಟಗೇ ಇತ್ತು. ಆಗ ತಿಳಿಯಿತು. ಹೊರಟಾಗಿನಿಂದ ಮನೆ ಮುಟ್ಟುವವರೆಗೆ ಅವರ ಬೆರಳು ಬ್ರೇಕು ಬಿಡುತ್ತಿರಲಿಲ್ಲ.

ಆ ಬ್ರೇಕು ಕಿತ್ತು ನನ್ನ ಕಡೆ ತಂದುಕೊಳ್ಳುವುದು ಪ್ರಾಕ್ಟಿಕಲ್. ಹಾಗೆ ಮಾಡಿದರೆ ಅವರು ನಿಜಕ್ಕೂ ಹೇರಿದ ಮೂಟೆಯಾಗುತ್ತಾರೆ, ಮತ್ತೆ ಹೊರಸೇ ಗತಿ. ಹಾಗೇ ಬಿಟ್ಟರೆ ಇಳಿಜಾರಿನಲ್ಲಿ ರಬ್ಬರಿಲ್ಲದೆ ಇಬ್ಬರೂ ನೀರಿಗೆ.

"ಅಂಜಿಕಿ ಬರ್ತದೇನ್ರೀ?" ಎಂದು ಕೇಳಿದೆ.

"ಅಂಜಿಕಿ ಅಲ್ಲ. ನೀ ಸುಮ್ಮನ ಇರ್ತಿ. ಮುಂದ ಏನ್ ಐತಿ ನನಗ ಹೆಂಗ ಗೊತ್ತಾಗಬೇಕು?"

ಅಂದಿನಿಂದ ದಾರಿಯನ್ನೆಲ್ಲ ಬಾಯಲ್ಲಿ ಹೇಳುತ್ತಾ ಹೋದೆ. ಎಡಕ್ಕೆ ಎಮ್ಮೆ, ಎದುರಿಗೆ ಗಾಡಿ, ಈಗ ತಿರುವು. ರಬ್ಬರು ಸವೆಯುವುದು ನಿಂತಿತು. ಮುಕ್ಕುಂದ ಊರಿನ ದಾರಿಯಲ್ಲಿ, ಹಿಂದೆ ಅವರು ನಿಲ್ಲಿಸಿದ್ದ ಸರ್ವೆ ಕಲ್ಲು ಹತ್ತಿರವಾದಾಗ ಅವರೇ ಕೇಳುತ್ತಿದ್ದರು, "ನನ್ನ ಕಲ್ಲು ಐತೇನು?" "ಐತ್ರೀ."

ಒಂದು ಮುಂಜಾನೆ ಕಲ್ಲಿರಲಿಲ್ಲ. ಕೆಳಗೆ ನೀರಿನಂಚಿನಲ್ಲಿ ಮಲಗಿತ್ತು. ನನ್ನ ಮಾತು ನಿಂತಿತು. ಮರುಕ್ಷಣ ಹಿಂದಿನ ಬ್ರೇಕು ಕಚ್ಚಿತು, ಸೈಕಲ್ಲು ನಿಂತಿತು.

"ಯಾಕ ಸುಮ್ಮನಾದಿ?"

"ಕಲ್ಲು ಕಿತ್ತಾರ್ರೀ. ಅದರ ಮ್ಯಾಲೆ ಅರಿವಿ ಒಗಿಯಾಕತ್ತಾರ."

ಬಟ್ಟೆ ಬಡಿಯುವ ಸಪ್ಪಳದ ಕಡೆ ಮುಖ ಮಾಡಿ ನಿಂತರು.

"ಛಲೋ ಕಲ್ಲದು," ಎಂದರು. "ಒಗೀಲಿ. ನಡಿ. ಮುಂದ ಏನ್ ಐತಿ ಹೇಳು."

ತುಳಿದೆ. ಹಿಂದಿನ ಗಾಲಿ ಹಗುರಾಗಿ ಉರುಳಿತು.

"ಭತ್ತ ಐತ್ರೀ," ಎಂದೆ. "ಎರಡೂ ಕಡೆ ಭತ್ತ."